ಮಣಿ ‘ಹೊಲಿಗೆ’ಯೋ, ‘ಹೆಣಿಗೆ’ಯೋ? ದಾರದ ದಾರಿಗೆ ಹೆಸರು ಬೇಕಿದೆ

ಗೆಳೆಯರೇ,

ಸಣ್ಣ ಸಣ್ಣ ಮಣಿಗಳನ್ನು ಸೂಜಿ-ದಾರದಿಂದ ಒಂದಕ್ಕೊಂದು ಕೂಡಿಸಿ ಓಲೆ, ಕೈಪಟ್ಟಿ, ಪದಕ ಮಾಡುವುದನ್ನು ಕಲಿಸಲು ಕನ್ನಡದಲ್ಲಿ ಕೆಲವು ಹಾಳೆಗಳನ್ನು ಬರೆಯುತ್ತಿದ್ದೇನೆ. ಚಿತ್ರಗಳು ಆಗಿವೆ. ಪದಗಳೇ ತೊಡಕು. ಇಂಗ್ಲಿಷಿನಲ್ಲಿ ‘ಸ್ಟಿಚ್’ ಅನ್ನುವ ಕಡೆಯೆಲ್ಲ ನಾನು ಏನು ಬರೆಯಲಿ?

‘ಹೊಲಿಗೆ’ ಅಂದರೆ ಓದುವವರು ಬಟ್ಟೆ ಎಲ್ಲಿ ಅಂತ ಹುಡುಕುತ್ತಾರೆ. ಇಲ್ಲಿ ಬಟ್ಟೆಯೇ ಇಲ್ಲ. ಬಟ್ಟೆಯ ಮೇಲೆ ಮಣಿ ಕೂರಿಸುವ ಕೆಲಸ ಬೇರೆಯೇ ಇದೆ, ಅದನ್ನು ಮಣಿ ಕಸೂತಿ ಅಂದರೆ ಎಲ್ಲರಿಗೂ ತಿಳಿಯುತ್ತದೆ. ‘ಪೋಣಿಸು’ ಒಳ್ಳೆಯ ಮಾತೇ, ಆದರೆ ಪೋಣಿಸಿದರೆ ಸರ ಆಗುತ್ತದೆ, ಪಟ್ಟಿ ಆಗುವುದಿಲ್ಲ. ದಾರ ತಿರುಗಿ ಬಂದು ಹಿಂದಿನ ಮಣಿಯೊಳಗೆ ಇನ್ನೊಮ್ಮೆ ಹಾಯಬೇಕು. ಆ ತಿರುಗಿ ಬರುವುದು ‘ಪೋಣಿಸು’ವಿನಲ್ಲಿ ಇಲ್ಲ.

‘ಮಣಿ ನೇಯ್ಗೆ’ ಅಂತ ಕೆಲವರು ಬರೆಯುತ್ತಾರೆ. ನನಗೆ ಒಪ್ಪಿಗೆಯಿಲ್ಲ. ನೇಯ್ಗೆ ಅಂದಮೇಲೆ ಹಾಸು, ಹೊಕ್ಕು ಎರಡೂ ಬೇಕು, ಅಲ್ವಾ? ಮಣಿಗೂ ಮಗ್ಗ ಇದೆ. ಅದರಲ್ಲಿ ಹಾಸಿನ ಎಳೆಗಳನ್ನು ಬಿಗಿದು ಕಟ್ಟುತ್ತಾರೆ. ಹೊಕ್ಕಿನ ದಾರಕ್ಕೆ ಒಂದು ಸಾಲಿನ ಮಣಿ ಪೋಣಿಸಿ ಹಾಸಿನ ಕೆಳಗಿನಿಂದ ತರುತ್ತಾರೆ. ಬೆರಳಿನಿಂದ ಒತ್ತಿದರೆ ಎರಡೆರಡು ಎಳೆಗಳ ನಡುವೆ ಒಂದೊಂದು ಮಣಿ ಮೇಲೆ ಇಣುಕುತ್ತದೆ. ಆಮೇಲೆ ಸೂಜಿ ಹಾಸಿನ ಮೇಲ್ಗಡೆಯಿಂದ ಅದೇ ಮಣಿಗಳೊಳಗೆ ವಾಪಸ್ಸು ಬರುತ್ತದೆ. ‘ನೇಯ್ಗೆ’ ಇದಕ್ಕೇ ಇರಲಿ. ಮಗ್ಗವಿಲ್ಲದೆ ಕೈಯಲ್ಲೇ ಹಿಡಿದು ಮಾಡುವುದಕ್ಕೆಲ್ಲ ‘ಹೆಣಿಗೆ’ ಅನ್ನೋಣ ಅಂತ ನನ್ನ ಮನಸ್ಸು. ಜಡೆ, ಬುಟ್ಟಿ, ಬಲೆ ಎಲ್ಲವನ್ನೂ ಹೆಣೆಯುತ್ತೇವಲ್ಲ. ಉಣ್ಣೆಯ ಕೆಲಸಕ್ಕೂ ಹೆಣಿಗೆ ಅನ್ನುತ್ತಾರೆ ಎಂಬ ತಕರಾರು ಬರುತ್ತದೆ, ಗೊತ್ತು. ‘ಮಣಿ’ ಅಂತ ಮುಂದೆ ಇರುವಾಗ ಗೊಂದಲ ಆಗಲಿಕ್ಕಿಲ್ಲ.

ಇಷ್ಟು ಸಲೀಸು. ಒಂದೊಂದು ಹೆಣಿಗೆಗೂ ಹೆಸರು ಇಡಲು ಹೊರಟಾಗಲೇ ನಿಜವಾದ ಜಗಳ ಶುರು.

ಪೆಯೋಟಿ ಸ್ಟಿಚ್ ತಗೊಳ್ಳಿ. ಪೆಯೋಟಿ ಅನ್ನುವುದು ಒಂದು ಪಾಪಸುಕಳ್ಳಿ. ಅಮೆರಿಕದ ಮೂಲನಿವಾಸಿಗಳಲ್ಲಿ ಕೆಲವರು ಅದನ್ನು ಬಳಸುವ ಆಚರಣೆಗಳ ಬೀಸಣಿಗೆ, ಗಿಲಕಿಗಳ ಹಿಡಿಯನ್ನು ಈ ಹೆಣಿಗೆಯಿಂದ ಮುಚ್ಚುತ್ತಿದ್ದರು, ಆ ಹೆಸರೇ ಅಂಟಿಕೊಂಡಿತು. ಇದಕ್ಕೆ ಸೋರೆಯ ಹೆಸರೂ ಒಂದಿದೆ. ನಮ್ಮ ಓದುಗರಿಗೆ ಕಳ್ಳಿಯಿಂದಲೂ ಸೋರೆಯಿಂದಲೂ ಕೈಗೆ ಏನೂ ತಿಳಿಯುವುದಿಲ್ಲ. ಕೆಲಸ ನೋಡಿ: 10 ಮಣಿ ಪೋಣಿಸಿ. 11ನೆಯದನ್ನು ಸೂಜಿಗೆ ತಗೊಳ್ಳಿ, 10ನೆಯದನ್ನು ಬಿಡಿ, 9ನೆಯದರೊಳಗೆ ಹಾಯಿಸಿ. ಇನ್ನೊಂದು ತಗೊಳ್ಳಿ, 8 ಬಿಡಿ, 7ರೊಳಗೆ ಹಾಯಿಸಿ. ಹೀಗೆ 5 ಮಣಿ ಸೇರುವಷ್ಟರಲ್ಲಿ ಮೊದಲಿನ ಮಣಿಯಿಂದ ಹೊರಗೆ ಬಂದಿರುತ್ತೀರಿ. ದಾರ ಎಳೆದರೆ ಮೊದಲು ಪೋಣಿಸಿದ ಹತ್ತೂ ಮಣಿ ಒಂದು ಮೇಲೆ, ಒಂದು ಕೆಳಗೆ ಅಂತ ಸರಿದು ಎರಡು ಸಾಲಾಗುತ್ತವೆ, ಹೊಸದು ಮೂರನೆಯ ಸಾಲು. ಇದಕ್ಕೆ ಕನ್ನಡದಲ್ಲಿ ಹೆಸರು ತಯಾರಾಗಿಯೇ ಇದೆ: ‘ಒಂದುಬಿಟ್ಟೊಂದು’. ಎರಡೆರಡು ಮಣಿ ಹಿಡಿದು ಮಾಡಿದರೆ ‘ಎರಡುಬಿಟ್ಟೆರಡು’. ಹೆಸರು ಓದಿದರೆ ಅರ್ಧ ಪಾಠ ಮುಗಿಯಿತು.

ಇದರ ಪಕ್ಕದಲ್ಲೇ ಬ್ರಿಕ್ ಸ್ಟಿಚ್ ಕೂತಿದೆ. ‘ಇಟ್ಟಿಗೆ ಹೆಣಿಗೆ’ ಅಂತ ಸುಮ್ನೆ ಬರೆದುಬಿಡಬಹುದಿತ್ತು. ಆದರೆ ಮುಗಿದ ಪೆಯೋಟಿ ಪಟ್ಟಿಯನ್ನು ಕಾಲು ಸುತ್ತು ತಿರುಗಿಸಿ ಇಟ್ಟರೆ ಅದೂ ಹಾಗೇ ಕಾಣುತ್ತದೆ. ಕಲಿತವರೂ ಅಂಚಿನ ದಾರ ನೋಡದೆ ಇದೋ ಅದೋ ಅಂತ ಹೇಳಲಾರರು. ಬೇರೆಯಾಗುವುದು ದಾರದ ದಾರಿ. ಇಲ್ಲಿ ಸೂಜಿ ಹಿಂದಿನ ಸಾಲಿನ ಮಣಿಯೊಳಗೆ ಹೋಗುವುದಿಲ್ಲ. ಎರಡು ಮಣಿಗಳ ನಡುವೆ ಅಂಚಿನಲ್ಲಿ ಒಂದು ಚೂರು ದಾರ ಕಾಣುತ್ತದಲ್ಲ, ಅದರ ಅಡಿಯಲ್ಲಿ ತೂರಿ, ಹೊಸ ಮಣಿಯೊಳಗೇ ಮೇಲಕ್ಕೆ ಬರುತ್ತದೆ. ಹಾಗಾಗಿ ಸಾಲು ಅಡ್ಡಕ್ಕೆ ಹೋದರೂ ಮಣಿಯ ತೂತು ನೆಟ್ಟಗೆ ನಿಲ್ಲುತ್ತದೆ. ಸಾಲಿನ ಕೊನೆಯಲ್ಲಿ ಮಣಿ ಕಡಿಮೆ ಮಾಡುವುದೂ ಇದರಲ್ಲಿ ಸುಲಭ, ಅದಕ್ಕೇ ಮುಕ್ಕೋನದ ಓಲೆಗಳಿಗೆ ಜನ ಇದನ್ನು ಇಷ್ಟಪಡುತ್ತಾರೆ. ‘ಎಳೆಹಿಡಿ ಹೆಣಿಗೆ’ ಅಂತ ನಾನು ಬರೆದಿಟ್ಟಿದ್ದೇನೆ. ಕಿವಿಗೆ ಸ್ವಲ್ಪ ಒರಟು. ‘ಇಟ್ಟಿಗೆ’ ಹಿತವಾಗಿದೆ, ಆದರೆ ಕಣ್ಣಿಗೆ ಮಾತ್ರ ಹೇಳುತ್ತದೆ, ಕೈಗೆ ಹೇಳುವುದಿಲ್ಲ. ನೀವೇ ಹೇಳಿ.

ಹೆರಿಂಗ್‌ಬೋನ್‌ನಲ್ಲಿ ನನಗೆ ಅನುಮಾನವಿಲ್ಲ. ಹೆರಿಂಗ್ ಅನ್ನುವ ಮೀನು ನಮಗೇಕೆ? ಮೀನಿನ ಮೂಳೆಯೂ ಬೇಡ, ನಮ್ಮ ಮಾತಿನಲ್ಲಿ ಮೀನಿಗೆ ಇರುವುದು ಮುಳ್ಳು. ‘ಮೀನುಮುಳ್ಳು ಹೆಣಿಗೆ’. ಮಣಿಗಳು ಎರಡೆರಡಾಗಿ ಒಂದಕ್ಕೊಂದು ಓರೆಯಾಗಿ ಕೂರುವುದು ಹಾಗೇ ಕಾಣುತ್ತದೆ. ದಕ್ಷಿಣ ಆಫ್ರಿಕಾದ ಎಂಡೆಬೆಲೆ ಜನರ ಹೆಸರಿನಿಂದಲೂ ಇದನ್ನು ಕರೆಯುತ್ತಾರೆ, ಅದನ್ನು ಒಂದು ಸಾಲಿನಲ್ಲಿ ನೆನೆದರೆ ಚೆನ್ನ. ಹೌದು, ಇಲ್ಲಿ ನಾನು ನೋಟಕ್ಕೆ ಸೋತಿದ್ದೇನೆ.

ಬಿಡಿ ಪದಗಳು ಬೇಗ ಸಿಕ್ಕವು. ಬೇರೆ ಮಣಿಗಳು ಜಾರದಂತೆ ಶುರುವಿನಲ್ಲಿ ಎರಡು ಸಲ ದಾರ ಹಾಯಿಸಿ ಕೂರಿಸುವ ಮಣಿ ‘ತಡೆಮಣಿ’. ದಾರದ ಟೆನ್ಷನ್‌ಗೆ ‘ಬಿಗಿ’ ಸಾಕು. ಮಣಿಯ ಅಳತೆಗೆ 15, 11, 8 ಅಂತ ಅಂಕಿಯನ್ನೇ ಬರೆಯುತ್ತೇನೆ, ಅಂಕಿ ಜಾಸ್ತಿಯಾದಷ್ಟೂ ಮಣಿ ಸಣ್ಣದು ಅಂತ ಒಂದು ಮಾತು ಸೇರಿಸಿದರೆ ಆಯಿತು. ಕೊಳವೆಯಂತೆ ಸುತ್ತಿ ಹೆಣೆಯುವಾಗ ಬರುವ ‘ಸ್ಟೆಪ್ ಅಪ್’ಗೆ ‘ಮೇಲೇರು’ ಇಟ್ಟಿದ್ದೇನೆ. ಸುತ್ತಿನ ಕೊನೆಯ ಮಣಿ ಹಾಕಿದ ಮೇಲೆ, ಅದೇ ಸುತ್ತಿನ ಮೊದಲ ಮಣಿಯೊಳಗೂ ಸೂಜಿ ಹಾಯಿಸಿ ಮುಂದಿನ ಸುತ್ತಿಗೆ ಏರಬೇಕು. ಮರೆತರೆ ಮಣಿ ಹಾಕಲು ಎಡೆಯೇ ಸಿಗುವುದಿಲ್ಲ.

ಉಳಿದದ್ದು ರೈಟ್ ಆ್ಯಂಗಲ್ ವೀವ್. ನಾಲ್ಕು ಮಣಿಯ ಒಂದು ಮನೆ, ಅದರ ಒಂದು ಗೋಡೆ ಪಕ್ಕದ ಮನೆಗೂ ಗೋಡೆ. ಹಾಗಾಗಿ ಎರಡನೆಯ ಮನೆಗೆ 3 ಮಣಿ ಸಾಕು. ಮೊದಲ ಮನೆಯಲ್ಲಿ ದಾರ ಬಲಕ್ಕೆ ಸುತ್ತಿದರೆ ಮುಂದಿನದರಲ್ಲಿ ಎಡಕ್ಕೆ. ಪಕ್ಕದ ಮನೆಗೆ ದಾರ ನೆಟ್ಟಗೆ ದಾಟುವಂತಿಲ್ಲ, ಪ್ರತಿ ಸಲವೂ ಮೂಲೆ ತಿರುಗಲೇಬೇಕು. ದಾಟಿದರೆ ನಾಲ್ಕು ಮಣಿ ಸೇರುವ ಜಾಗದಲ್ಲಿ ದಾರ ಅಡ್ಡ ಬಿದ್ದು ಎದ್ದು ಕಾಣುತ್ತದೆ. ‘ಚೌಕ ಹೆಣಿಗೆ’ ಅನ್ನುವಂತಿಲ್ಲ, ಸ್ಕ್ವೇರ್ ಸ್ಟಿಚ್ ಅಂತ ಬೇರೆಯೇ ಒಂದಿದೆ, ಆ ಹೆಸರು ಅದಕ್ಕೆ ಬೇಕು. ‘ನಾಲ್ಮಣಿ’ ಅಂದರೆ, ಇದನ್ನೇ ಮೂರು ಮಣಿಯ ಮನೆಯಲ್ಲೂ ಮಾಡುತ್ತಾರೆ. ‘ಲಂಬಕೋನ’ ಗಣಿತದ ಪುಸ್ತಕದ ವಾಸನೆ ಹೊಡೆಯುತ್ತದೆ. ಬಡಗಿಗಳ ‘ಮೂಲೆಮಟ್ಟ’ದಿಂದ ‘ಮೂಲೆಮಟ್ಟದ ಹೆಣಿಗೆ’ ಮಾಡಬಹುದು. ಇಲ್ಲವೇ ದಾರ ಮಾಡುವ ಕೆಲಸವನ್ನೇ ಹಿಡಿದು ‘ಮೂಲೆತಿರುವು’. ನನ್ನ ಕೈ ಎರಡನೆಯದರ ಕಡೆಗೆ ವಾಲುತ್ತಿದೆ. ನಿಮ್ಮಲ್ಲಿ ಸೂಜಿ ಹಿಡಿಯುವವರು ಇದ್ದರೆ, ಪಕ್ಕದಲ್ಲಿ ಕೂತವರಿಗೆ ಇದನ್ನು ತೋರಿಸುವಾಗ ಏನಂತ ಹೇಳುತ್ತೀರಿ? ಆಡುವ ಮಾತಿನಲ್ಲಿ ಇದಕ್ಕೆ ಪದ ಇದ್ದರೆ ನಾನು ಕಟ್ಟಿದ್ದನ್ನು ಕೈಬಿಡುತ್ತೇನೆ.