ಪೆಟ್ರೋಲ್ ಆವಿ, ತೋಟದ ಔಷಧಿ ಮತ್ತು ರಕ್ತದ ಕ್ಯಾನ್ಸರ್

ಹಾಸನದ ಓದುಗ: ನನ್ನ ತಮ್ಮ ಪೆಟ್ರೋಲ್ ಬಂಕೊಂದರಲ್ಲಿ ಕೆಲಸ ಮಾಡುತ್ತಾನೆ. ಅವನ ಜೊತೆಗಾರನಿಗೆ ಈಚೆಗೆ ತೀವ್ರ ಮೈಲಾಯ್ಡ್ ಲ್ಯುಕೇಮಿಯಾ ಎಂಬ ರಕ್ತದ ಕ್ಯಾನ್ಸರ್ ಪತ್ತೆಯಾಗಿದೆ. ದಿನವಿಡೀ ಉಸಿರಾಡುವ ಆವಿ ಇದಕ್ಕೆ ಕಾರಣವಾಗಬಹುದೇ?

ಚಿಕ್ಕಮಗಳೂರಿನ ಲ್ಯಾಬ್ ತಂತ್ರಜ್ಞೆ: ಪೆಟ್ರೋಲಿನಲ್ಲಿರುವ ಬೆಂಜೀನ್ ಎಂಬ ರಾಸಾಯನಿಕ ಈ ಕಾಯಿಲೆಯನ್ನು ತರಬಲ್ಲದು ಎಂಬುದರಲ್ಲಿ ಸಂಶಯವಿಲ್ಲ. ಉಸಿರಿನೊಡನೆ ಒಳಹೋದ ಬೆಂಜೀನನ್ನು ಯಕೃತ್ತು ಫೀನಾಲ್, ಹೈಡ್ರೋಕ್ವಿನೋನ್ ಮುಂತಾದವುಗಳಾಗಿ ಮಾರ್ಪಡಿಸುತ್ತದೆ. ಅವು ರಕ್ತದ ಮೂಲಕ ಮೂಳೆಮಜ್ಜೆಯನ್ನು ಸೇರಿದಾಗ, ಅಲ್ಲಿ ಹೇರಳವಾಗಿರುವ ಮೈಲೋಪೆರಾಕ್ಸಿಡೇಸ್ ಎಂಬ ಕಿಣ್ವ ಹೈಡ್ರೋಕ್ವಿನೋನನ್ನು ಇನ್ನಷ್ಟು ಉಗ್ರವಾದ ಬೆಂಜೋಕ್ವಿನೋನ್ ಆಗಿಸುತ್ತದೆ. ಅದು ರಕ್ತಕಣಗಳನ್ನು ಹುಟ್ಟಿಸುವ ಕಾಂಡಕೋಶಗಳ ವರ್ಣತಂತುಗಳನ್ನು ಮುರಿಯುತ್ತದೆ. ಹೆಚ್ಚಿನ ಕೋಶಗಳು ಸತ್ತುಹೋಗುವ ಕಾರಣ, ಮೊದಲಿಗೆ ರಕ್ತಕಣಗಳ ಸಂಖ್ಯೆ ಕುಸಿಯುತ್ತದೆ. ಹಾನಿಯನ್ನು ಹೊತ್ತೂ ಬದುಕುಳಿದ ಕೋಶವೊಂದು ವರ್ಷಗಳ ನಂತರ ಲ್ಯುಕೇಮಿಯಾ ಆಗಬಹುದು.

ಮೂಡಿಗೆರೆಯ ಬೆಳೆಗಾರ: ಬಂಕ್ ಒಂದನ್ನೇ ಏಕೆ ದೂರಬೇಕು? ಕಾಫಿ ಗಿಡದ ಕಾಂಡ ಕೊರೆಯುವ ಬಿಳಿ ಕಾಂಡಕೊರಕ ಕೀಟವನ್ನು ತಡೆಯಲು ನಮ್ಮ ತೋಟಗಳಲ್ಲಿ ವರ್ಷಾನುಗಟ್ಟಲೆ ಲಿಂಡೇನ್ ಎಂಬ ಕೀಟನಾಶಕ ಬಳಿದಿದ್ದೇವೆ. ಕೈಗವಸು ಹಾಕಿದವರನ್ನು ನಾನು ಕಂಡಿಲ್ಲ.

ಲ್ಯಾಬ್ ತಂತ್ರಜ್ಞೆ: ನಿಮ್ಮ ಆತಂಕ ನ್ಯಾಯವಾದದ್ದೇ, ಸರ್. ಲಿಂಡೇನ್ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2015ರಲ್ಲಿ ನಿರ್ಧರಿಸಿತು. ಆದರೆ ಆ ಸಾಕ್ಷ್ಯ ನಾನ್-ಹಾಡ್ಜ್‌ಕಿನ್ ಲಿಂಫೋಮಾ ಎಂಬ, ದುಗ್ಧರಸ ವ್ಯವಸ್ಥೆಯ ಬೇರೊಂದು ಕ್ಯಾನ್ಸರ್‌ಗೆ ಸಂಬಂಧಿಸಿದ್ದು. ಮೈಲಾಯ್ಡ್ ಲ್ಯುಕೇಮಿಯಾ ವಿಷಯದಲ್ಲಿ ಬೆಂಜೀನ್ ಮೇಲಿರುವಷ್ಟು ಗಟ್ಟಿ ಪುರಾವೆ ಲಿಂಡೇನ್ ಮೇಲಿಲ್ಲ.

ಸಕಲೇಶಪುರದ ನಿವೃತ್ತ ವೈದ್ಯ: ಇಷ್ಟಾದರೂ ಆ ಒಬ್ಬ ಯುವಕನ ಕಾಯಿಲೆಗೆ ಬಂಕೇ ಕಾರಣವೆಂದು ತೀರ್ಪು ಕೊಡಲಾಗದು. ಸಿಗರೇಟಿನ ಹೊಗೆಯಲ್ಲೂ ಬೆಂಜೀನ್ ಇದೆ. ಹಿಂದೆ ಪಡೆದ ಕೀಮೋಥೆರಪಿಯಿಂದಲೂ ಈ ಕಾಯಿಲೆ ಬರುವುದುಂಟು. ಎಷ್ಟೋ ರೋಗಿಗಳಲ್ಲಿ ಕಾರಣವೇ ಸಿಗುವುದಿಲ್ಲ.

ಹಾಸನದ ಓದುಗ: ತಮ್ಮನಿಗೆ ಸಿಬಿಸಿ, ಅಂದರೆ ರಕ್ತಕಣಗಳನ್ನು ಎಣಿಸುವ ಪರೀಕ್ಷೆ, ಮಾಡಿಸಿದರೆ ಸಾಕೇ, ಡಾಕ್ಟ್ರೇ?

ನಿವೃತ್ತ ವೈದ್ಯ: ಮಾಡಿಸಿ, ವರದಿಗಳನ್ನು ಜೋಪಾನವಾಗಿಡಿ, ಕಣಗಳ ಸಂಖ್ಯೆ ವರ್ಷದಿಂದ ವರ್ಷಕ್ಕೆ ಇಳಿಯುತ್ತಿದ್ದರೆ ರಕ್ತರೋಗ ತಜ್ಞರನ್ನು ಕಾಣಬೇಕು. ಆದರೆ ಎಣಿಕೆ ಸರಿಯಿದೆ ಎಂದ ಮಾತ್ರಕ್ಕೆ ವರ್ಣತಂತುಗಳು ಸುರಕ್ಷಿತವೆಂದು ಅರ್ಥವಲ್ಲ. ನಾಜಲ್ ತಾನಾಗಿ ನಿಂತ ಮೇಲೂ ಟ್ಯಾಂಕ್ ತುಂಬಿಸುವುದನ್ನು, ಪೆಟ್ರೋಲಿನಿಂದ ಕೈ ತೊಳೆಯುವುದನ್ನು, ಚೆಲ್ಲಿಕೊಂಡ ಬಟ್ಟೆಯಲ್ಲೇ ಪಾಳಿ ಮುಗಿಸುವುದನ್ನು ಇಂದೇ ಬಿಡಲಿ. ಬಟ್ಟೆಯ ಮಾಸ್ಕ್ ಆವಿಯನ್ನು ತಡೆಯುವುದಿಲ್ಲ.

ಬೆಳೆಗಾರ: ಪುರಾವೆ ಕಡಿಮೆ ಎನ್ನುವುದನ್ನು ಒಪ್ಪುತ್ತೇನೆ, ಆದರೆ ಕೇಳುವವರಿಲ್ಲದೆ ಪುರಾವೆ ಎಲ್ಲಿಂದ ಬರಬೇಕು? ತೋಟದ ಆಳು ಆಸ್ಪತ್ರೆಗೆ ಹೋದರೆ ಉದ್ಯೋಗದ ಜಾಗದಲ್ಲಿ ‘ಕೂಲಿ’ ಎಂದಷ್ಟೇ ಬರೆದುಕೊಳ್ಳುತ್ತಾರೆ. ಯಾವ ಔಷಧಿ ಹೊಡೆದ, ಎಷ್ಟು ವರ್ಷ ಹೊಡೆದ ಎಂಬುದನ್ನೂ ಅಲ್ಲೇ ಬರೆಸಬೇಕು.