‘ರೆಸಿಲಿಯೆನ್ಸ್’ಗೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ನಮ್ಮ ಬಡಾವಣೆಯ ಸಂಘಕ್ಕೆ ಒಂದು ಕರಪತ್ರ ಬರೆಯುತ್ತಿದ್ದೇನೆ. ಹವಾಮಾನ ಹೀಗೆ ಬದಲಾಗುತ್ತಿರುವಾಗ ಬೆಂಗಳೂರು ಹೇಗೆ ತಯಾರಾಗಬೇಕು ಅನ್ನೋದು ವಿಷಯ. ಮೂರು ದಿನದಿಂದ ಒಂದೇ ಪದಕ್ಕೆ ಸಿಕ್ಕಿಕೊಂಡು ಕೂತಿದ್ದೇನೆ: ರೆಸಿಲಿಯೆನ್ಸ್, ಅಂದರೆ ಪೆಟ್ಟು ಬಿದ್ದರೂ ಕುಸಿಯದೆ ಸುಧಾರಿಸಿಕೊಂಡು ಮುಂದೆ ಸಾಗುವ ಗುಣ. 2023ರ ನವೆಂಬರ್‌ನಲ್ಲಿ ಬಿಬಿಎಂಪಿ ಹೊರತಂದ ಹವಾಮಾನ ಯೋಜನೆಯ ಇಂಗ್ಲಿಷ್ ಹೆಸರಲ್ಲೇ ಅದಿದೆ. ಬಿಟ್ಟು ಮುಂದೆ ಹೋಗುವ ಹಾಗಿಲ್ಲ.

ಮೊದಲು ಹೊಳೆದದ್ದು ‘ಸ್ಥಿತಿಸ್ಥಾಪಕತ್ವ’. ಅದು ವಿಜ್ಞಾನದ ಪಾಠದ ಪದ. ರಬ್ಬರ್ ಎಳೆದು ಬಿಟ್ಟರೆ ಮೊದಲಿನ ಹಾಗೇ ಆಗುತ್ತಲ್ಲ, ಅದಕ್ಕೆ. ಊರು ಮೊದಲಿನ ಹಾಗೇ ಆದರೆ ಏನು ಬಂತು? 2022ರ ಸೆಪ್ಟೆಂಬರ್‌ನಲ್ಲಿ ಹೊರ ವರ್ತುಲ ರಸ್ತೆಯ ಕಡೆ ಮಳೆನೀರು ನಿಂತು ಜನ ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋದರು. ನೀರು ಇಳಿದ ಮೇಲೆ ‘ಚೇತರಿಕೆ’ ಆಯಿತು, ನಿಜ. ರಾಜಕಾಲುವೆ ಒತ್ತುವರಿ ಹಾಗೇ ಇದ್ದರೆ ಮುಂದಿನ ಮಳೆಗೂ ಅದೇ ಕಥೆ ಅಲ್ವಾ?

‘ತಾಳಿಕೆ’ ಚಿಕ್ಕದು, ಚೆನ್ನಾಗಿದೆ. ಆದರೆ ‘ತಾಳಿದವನು ಬಾಳಿಯಾನು’ ನೆನಪಾಗಿ, ಸುಮ್ನೆ ಸಹಿಸಿಕೊಳ್ಳಿ ಅಂದ ಹಾಗೆ ಕೇಳುತ್ತದೆ. 2024ರ ಬೇಸಿಗೆಯಲ್ಲಿ ಬೋರ್‌ವೆಲ್ ಬತ್ತಿ ಟ್ಯಾಂಕರ್‌ಗೆ ಕಾದವರ ಕೈಗೆ ಈ ಪದ ಕೊಟ್ಟರೆ ಬೈತಾರೆ.

ನನ್ನ ಮನಸ್ಸು ಮತ್ತೆ ಮತ್ತೆ ಹೋಗುತ್ತಿರುವುದು ಕೆರೆಯ ‘ಕೋಡಿ’ ಕಡೆಗೆ. ಏರಿಗಿಂತ ತಗ್ಗಿನಲ್ಲಿ ಕೋಡಿ ಇಡುತ್ತಾರೆ. ಕೆರೆ ತುಂಬಿದರೆ ಹೆಚ್ಚಿನ ನೀರು ಅಲ್ಲಿಂದ ಹರಿದು ಕೆಳಗಿನ ಕೆರೆ ಸೇರುತ್ತದೆ, ಏರಿ ಉಳಿಯುತ್ತದೆ. ಒಂದಲ್ಲ ಒಂದು ವರ್ಷ ಮಳೆ ಜಾಸ್ತಿ ಬಂದೇ ಬರುತ್ತದೆ ಅಂತ ಕಟ್ಟುವಾಗಲೇ ಒಪ್ಪಿಕೊಂಡವರ ಕೆಲಸ ಅದು. ಕರಪತ್ರದಲ್ಲಿ ನಾನು ಹೇಳಬೇಕಾದದ್ದೂ ಅಷ್ಟೇ. ತೊಂದರೆ ಏನೆಂದರೆ, ಪೇಟೆಯಲ್ಲಿ ಈಗ ಕೋಡಿ ಅಂದರೆ ‘ಕಣ್ಣೀರ ಕೋಡಿ’, ‘ರಕ್ತದ ಕೋಡಿ’. ‘ಕೋಡಿಯುಳ್ಳ ಊರು’ ಅಂತ ಬರೆದರೆ ಮುಳುಗೋ ಊರು ಅಂದುಕೊಳ್ಳುತ್ತಾರೇನೋ!

ಕೋಲಾರ, ತುಮಕೂರು ಕಡೆಯವರೇ, ಕೋಡಿಯ ಸುತ್ತ ಹುಟ್ಟಿದ ಬೇರೆ ಮಾತು, ಗಾದೆ ಏನಾದರೂ ಇದೆಯಾ? ಕೃಷ್ಣಾ ತೀರದವರು, ಕರಾವಳಿಯವರು ನೆರೆ ಬರುವ ಮೊದಲೇ ಮನೆ, ದನಕರು, ಕಾಳುಕಡ್ಡಿ ಎಲ್ಲ ಅಣಿ ಮಾಡಿಕೊಳ್ಳುವುದಕ್ಕೆ ಏನನ್ನುತ್ತೀರಿ? ನಿಘಂಟಿನ ಪದ ಬೇಡ, ಮನೆಯಲ್ಲಿ ಆಡುವ ಮಾತು ಬೇಕು.

ಸದ್ಯಕ್ಕೆ ‘ತಡೆದುಕೊಳ್ಳುವ ಶಕ್ತಿ’ ಅಂತ ಹಾಕಿದ್ದೇನೆ, ಮನಸ್ಸಿಲ್ಲದೆ. ಅಚ್ಚಿಗೆ ಹೋಗೋದು ಶುಕ್ರವಾರ.