ಅಪ್‌ಡೇಟ್: ಬೆಳ್ಳಂದೂರು ಕೆರೆಯ ಹಳೆಯ, ಹೊಸ ಉಪಗ್ರಹ ಚಿತ್ರಗಳ ಹೋಲಿಕೆ

ಬೆಳ್ಳಂದೂರು ಕೆರೆ ಸುತ್ತ ಏನೇನು ಬದಲಾಗಿದೆ ಅಂತ ನೋಡೋಕೆ 1990ರ ದಶಕದ ಲ್ಯಾಂಡ್‌ಸ್ಯಾಟ್-5 ಚಿತ್ರವನ್ನು 2017ರ ಸೆಂಟಿನೆಲ್-2 ಚಿತ್ರದ ಜೊತೆ ಹೇಗೆ ಹೋಲಿಸೋದು, ಸುಮ್ನೆ ಒಂದರಿಂದ ಇನ್ನೊಂದನ್ನು ಕಳೆದರೆ ಎಲ್ಲವೂ ಬದಲಾದ ಹಾಗೆ ಕಾಣುತ್ತದೆ ಅಂತ ಕೇಳಿದ್ದೆ, ಅಲ್ವಾ? ಈಗ ನಂಬಬಹುದಾದ ನಕ್ಷೆ ಸಿಕ್ಕಿದೆ. ಉತ್ತರ ಕೊಟ್ಟ ಎಲ್ಲರಿಗೂ ತುಂಬಾ ಥ್ಯಾಂಕ್ಸ್.

ನೀವು ಹೇಳಿದ ಹಾಗೆ ಎರಡೂ ಚಿತ್ರಗಳನ್ನು ಬೇರೆಬೇರೆಯಾಗಿ ರ‍್ಯಾಂಡಮ್ ಫಾರೆಸ್ಟ್‌ನಿಂದ (ಗುರುತು ಮಾಡಿಕೊಟ್ಟ ಉದಾಹರಣೆಗಳಿಂದ ಕಲಿತು ವಿಂಗಡಿಸುವ ಕಂಪ್ಯೂಟರ್ ಮಾಡೆಲ್) ನೀರು, ಹಸಿರು, ಕಟ್ಟಡ, ಬರಿ ಮಣ್ಣು ಅಂತ ವಿಂಗಡಿಸಿ, ಆಮೇಲೆ ಹೋಲಿಸಿದೆ. ಹಳೆಯ ಚಿತ್ರದ ಒಂದು ಪಿಕ್ಸೆಲ್ ನೆಲದ ಮೇಲೆ 30 ಮೀಟರ್ ಅಗಲ, ಹೊಸದರದು 10, ಹಾಗಾಗಿ ಎರಡನ್ನೂ 30ಕ್ಕೆ ತಂದೆ. ಒಂದು ಎಚ್ಚರ ಬೇಕು: ಎರಡೂ ವಿಂಗಡಣೆ 90% ಸರಿಯಿದ್ದರೂ ಹೋಲಿಕೆ ಸುಮಾರು 81% (0.9 × 0.9) ಮಾತ್ರ ಸರಿ ಬರಬಹುದು, ತಪ್ಪುಗಳು ಸೇರಿಕೊಳ್ಳುತ್ತವೆ.

ಜಾಸ್ತಿ ಕಾಡಿದ್ದು ಅಂತರಗಂಗೆ, ಅಂದರೆ ನೀರಿನ ಮೇಲೆ ತೇಲುತ್ತಾ ಹಬ್ಬುವ ಕಳೆ. 2017ರಲ್ಲಿ ಅದು ಕೆರೆ ಮೇಲೆಲ್ಲ ಹಬ್ಬಿತ್ತು, ಮಾಡೆಲ್ ಅದನ್ನು ಹಸಿರು ನೆಲ ಅಂತ ಓದಿ ಕೆರೆಯೇ ಇಲ್ಲ ಅಂದುಬಿಟ್ಟಿತು. ಕೆರೆ ಅಲ್ಲೇ ಇದೆ! ಹಳೆಯ ಚಿತ್ರದಿಂದ ಕೆರೆಯ ಗಡಿ ತೆಗೆದು, ಅದರೊಳಗಿನ ಹಸಿರನ್ನು ಕಳೆ ಮುಚ್ಚಿದ ನೀರು ಅಂತ ಬೇರೆ ವರ್ಗ ಮಾಡಿದ ಮೇಲೆ ಸರಿಹೋಯಿತು.

ದಡದುದ್ದಕ್ಕೂ ಒಂದು ಪಿಕ್ಸೆಲ್ ಅಗಲದ ಸುಳ್ಳು ಗೆರೆಗಳು ಇನ್ನೂ ಬರುತ್ತಿವೆ. ಎರಡು ಚಿತ್ರಗಳು ಒಂದರ ಮೇಲೊಂದು ಸರಿಯಾಗಿ ಕೂತಿಲ್ಲ, ಮುಂದಿನ ಕೆಲಸ ಅದೇ.